ಮಷೀನಿನಲ್ಲಿ ರಿಸಲ್ಟ್ ಇದೆ, ರಿಪೋರ್ಟಿನಲ್ಲಿ ಇಲ್ಲ: ಲ್ಯಾಬ್ ಸಾಫ್ಟ್‌ವೇರಿನ ದೋಷ ಹುಡುಕುವ ಬಗೆ

ಮೇ ತಿಂಗಳು, ಬೆಳಿಗ್ಗೆ ಹತ್ತೂವರೆ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಲ್ಯಾಬಿನಿಂದ ಫೋನ್ ಬಂತು. ವಿಷಯ ಸಿಬಿಸಿ, ಅಂದರೆ ರಕ್ತಕಣ ಎಣಿಸುವ ಪರೀಕ್ಷೆ.

"ಸರ್, ಮಷೀನ್‌ದಾಗ ಸಿಬಿಸಿ ರಿಸಲ್ಟ್ ಅದ, ಕಂಪ್ಯೂಟರ್‌ದಾಗ ಬರ್ಲಾಕತ್ತಿಲ್ರಿ. ಕೌಂಟರ್ ಮುಂದ ಮಂದಿ ನಿಂತಾರ. ಸಾಫ್ಟ್‌ವೇರ್ ತೆಗೆದು ಮತ್ತ ಹಾಕ್ಲೇನ್ರಿ?"

"ಬ್ಯಾಡ ತಂಗಿ, ಏನೂ ತೆಗೀಬ್ಯಾಡ. ಮೊದಲು ಒಂದು ಟ್ಯೂಬ್ ಕೈಯಾಗ ತಗೊ. ಅದರ ಮ್ಯಾಲಿನ ನಂಬರ್ ಓದು."

ನಾನು ಮೊದಲು ಟೆಕ್ನಿಷಿಯನ್ ಆಗಿ ರಕ್ತ ತೆಗೆಯುತ್ತಿದ್ದವನು. ಈಗ ಕಲಬುರಗಿ, ಸೇಡಂ, ಶಹಾಪುರ ಕಡೆಯ ಕೆಲವು ಲ್ಯಾಬ್‌ಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಇಷ್ಟು ದಿನದಲ್ಲಿ ಸಾಫ್ಟ್‌ವೇರೇ ಕೆಟ್ಟಿದ್ದನ್ನು ನೋಡಿದ್ದು ಬಹಳ ಕಡಿಮೆ. ಕೆಡುವುದು ನಂಬರ್. ಪೇಷಂಟ್ ಕೌಂಟರಿಗೆ ಬಂದಾಗ ಹುಟ್ಟಿದ ಸ್ಯಾಂಪಲ್ ನಂಬರ್, ಲೇಬಲ್ಲಿಗೆ, ಟ್ಯೂಬಿಗೆ, ಮಷೀನಿಗೆ, ವೈರಿಗೆ, ಡೇಟಾಬೇಸಿಗೆ, ಕೊನೆಗೆ ಕಾಗದಕ್ಕೆ ಹೋಗಬೇಕು. ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ನಿಲ್ಲುತ್ತದೆ, ಇಲ್ಲವೇ ಬದಲಾಗುತ್ತದೆ. ಆ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಈ ಬರಹ ಆ ಜಾಗ ಹುಡುಕುವುದರ ಬಗ್ಗೆ. ಆ ದಿನ ನಾನೇ ಮಾಡಿದ ಒಂದು ತಪ್ಪೂ ಇದರಲ್ಲಿ ಬರುತ್ತದೆ.

ಮೊದಲ ಹತ್ತು ನಿಮಿಷ

ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುವ ಮೊದಲು, ತೆರೆಯ ಮೇಲೆ ಏನು ಬಂದಿದೆಯೋ ಅದರ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ದೋಷದ ಸಂದೇಶ ಓದದೇ ಓಕೆ ಒತ್ತುವವರೇ ಜಾಸ್ತಿ. ಆಮೇಲೆ "ಏನೋ ಇಂಗ್ಲಿಷ್‌ದಾಗ ಬಂದಿತ್ರಿ" ಅಂದರೆ ನಾನೇನು ಮಾಡಲಿ?

ಮೂರು ವಿಷಯ ಬರೆದುಕೊಳ್ಳಿ: ಸರಿಯಾಗಿ ಬಂದ ಕೊನೆಯ ಸ್ಯಾಂಪಲ್ ಯಾವುದು, ಅದು ಎಷ್ಟು ಗಂಟೆಗೆ ಬಂತು, ಆಮೇಲೆ ಲ್ಯಾಬಿನಲ್ಲಿ ಏನು ಬದಲಾಯಿತು. ಕರೆಂಟ್ ಹೋಗಿತ್ತಾ? ಕಸ ಗುಡಿಸುವವರು ಟೇಬಲ್ ಸರಿಸಿದರಾ? ಹೊಸ ರೌಟರ್ ಹಾಕಿದರಾ? "ಏನೂ ಬದಲಾಗಿಲ್ರಿ" ಎಂಬ ಉತ್ತರವನ್ನು ನಂಬಬೇಡಿ. ಇನ್ನೊಮ್ಮೆ ಕೇಳಿ.

ತುರ್ತು ಪೇಷಂಟ್ ಇದ್ದರೆ ಸಾಫ್ಟ್‌ವೇರಿಗಾಗಿ ಕಾಯಬೇಡಿ. ಮಷೀನಿನ ಪ್ರಿಂಟ್ ತೆಗೆದು, ಹೆಸರು ಮತ್ತು ನಂಬರ್ ಇಬ್ಬರು ನೋಡಿ ಹೊಂದಿಸಿ, ಡಾಕ್ಟರ್ ಸಹಿ ಹಾಕಿಸಿ ತಾತ್ಕಾಲಿಕ ವರದಿ ಕೊಡಿ. ಪೊಟ್ಯಾಸಿಯಂ, ಪ್ಲೇಟ್‌ಲೆಟ್‌ಗಳಂಥವು ಅಪಾಯದ ಮಟ್ಟದಲ್ಲಿದ್ದರೆ ಫೋನ್ ಮಾಡಿ ಹೇಳಿ, ಹೇಳಿದ ಸಮಯ ಬರೆದಿಡಿ. ಲೈನ್ ಸರಿಹೋದ ಮೇಲೆ ಆ ರಿಸಲ್ಟನ್ನು ಸಿಸ್ಟಮ್ಮಿಗೂ ಸೇರಿಸಬೇಕಾಗುತ್ತದೆ. ಹಾಗಾಗಿ ಕೈಯಲ್ಲಿ ಕೊಟ್ಟ ವರದಿಗಳದ್ದು ಒಂದು ಪಟ್ಟಿ ಇರಲಿ.

ನಡುವಿನಿಂದ ಹುಡುಕಿ

ಕೌಂಟರಿನಿಂದ ಶುರು ಮಾಡಿ ಒಂದೊಂದೇ ಹಂತ ನೋಡುತ್ತಾ ಹೋದರೆ ಮಧ್ಯಾಹ್ನ ಆಗುತ್ತದೆ. ಪೈಪ್ ಲೈನಿನಲ್ಲಿ ನೀರು ಬರದಿದ್ದರೆ ನಡುವೆ ಒಂದು ಕಡೆ ಬಿಚ್ಚಿ ನೋಡುತ್ತಾರಲ್ಲ, ಹಾಗೆ ಮಾಡಿ. ಇಲ್ಲಿ ಆ ನಡುವಿನ ಜಾಗ ಎಂದರೆ ಇಂಟರ್‌ಫೇಸ್ ಲಾಗ್. ಮಷೀನಿನಿಂದ ಬಂದದ್ದನ್ನು ಸಾಫ್ಟ್‌ವೇರಿಗೆ ದಾಟಿಸುವ ಒಂದು ಚಿಕ್ಕ ಪ್ರೋಗ್ರಾಂ ಇರುತ್ತದೆ. ತಾನು ಕೇಳಿಸಿಕೊಂಡದ್ದನ್ನೆಲ್ಲ ಅದು ಒಂದು ಫೈಲಿನಲ್ಲಿ ಬರೆದಿಡುತ್ತದೆ. ದಿನಕ್ಕೊಂದು ಫೈಲ್ ಇರುವುದು ರೂಢಿ. ಅದು ಎಲ್ಲಿದೆ ಅಂತ ಸಾಫ್ಟ್‌ವೇರ್ ಹಾಕಿದವರನ್ನು ಇವತ್ತೇ ಕೇಳಿ, ಗೋಡೆಯ ಮೇಲೆ ಬರೆದು ಅಂಟಿಸಿ. ಕೆಟ್ಟ ದಿನ ಅವರು ಫೋನ್ ಎತ್ತುವುದಿಲ್ಲ.

ಈಗ ನಿಮ್ಮ ಟ್ಯೂಬಿನ ನಂಬರನ್ನು ಆ ಫೈಲಿನಲ್ಲಿ ಹುಡುಕಿ. ಸಿಗದಿದ್ದರೆ ತೊಂದರೆ ಮಷೀನ್, ವೈರ್, ಲೇಬಲ್ ಕಡೆ. ಸಿಕ್ಕರೆ ತೊಂದರೆ ಸಾಫ್ಟ್‌ವೇರಿನ ಕಡೆ, ಅಂದರೆ ಹೊಂದಾಣಿಕೆ, ಒಪ್ಪಿಗೆ ಅಥವಾ ಪ್ರಿಂಟಿನಲ್ಲಿ. ಇಷ್ಟು ತಿಳಿಯಲು ಎರಡು ನಿಮಿಷ ಸಾಕು.

ಲಾಗ್ ಖಾಲಿ ಇದ್ದರೆ

ಆ ದಿನ ಲಾಗ್ ಖಾಲಿ ಇತ್ತು. ಹಿಂದಿನ ದಿನ ಸಂಜೆ ಐದೂವರೆಗೆ ಕೊನೆಯ ಸಾಲು. ಆಮೇಲೆ ಏನೂ ಇಲ್ಲ. ಕೇಳಿದರೆ, ಸಂಜೆ ಗಾಳಿ ಮಳೆಗೆ ಕರೆಂಟ್ ಹೋಗಿ ಬಂದಿತ್ತಂತೆ. ಮುಂಗಾರಿಗೆ ಮುಂಚಿನ ಗಾಳಿ ಮಳೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದೇ.

ಹಳೆಯ ಮಷೀನ್‌ಗಳು ಸೀರಿಯಲ್ ಕೇಬಲ್ ಮೂಲಕ ಮಾತಾಡುತ್ತವೆ. ಈಗಿನ ಕಂಪ್ಯೂಟರಿನಲ್ಲಿ ಆ ಕಿಂಡಿಯೇ ಇಲ್ಲದ್ದರಿಂದ ಯುಎಸ್‌ಬಿ ಕನ್ವರ್ಟರ್ ಹಾಕಿರುತ್ತಾರೆ. ಅಗ್ಗದ ಕನ್ವರ್ಟರನ್ನು ಒಂದು ಕಿಂಡಿಯಿಂದ ತೆಗೆದು ಪಕ್ಕದ ಕಿಂಡಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಸಾಧನ ಅಂದುಕೊಳ್ಳುತ್ತದೆ. ವಿಂಡೋಸ್ ಸೀರಿಯಲ್ ಪೋರ್ಟ್‌ಗಳಿಗೆ ಕಾಮ್ ಎಂಬ ಹೆಸರು, ನಂಬರ್ ಕೊಡುತ್ತದೆ. ನಿನ್ನೆ ಕಾಮ್ 3 ಆಗಿದ್ದದ್ದು ಇವತ್ತು ಕಾಮ್ 5 ಆಗುತ್ತದೆ. ಇಂಟರ್‌ಫೇಸ್ ಮಾತ್ರ ಇನ್ನೂ ಕಾಮ್ 3ರ ಬಾಗಿಲಲ್ಲೇ ಕಾಯುತ್ತಾ ಕೂತಿರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು ಪೋರ್ಟ್‌ಗಳ ಪಟ್ಟಿ ನೋಡಿ. ನಂಬರ್ ಬದಲಾಗಿದ್ದರೆ ಕನ್ವರ್ಟರನ್ನು ಹಳೆಯ ಕಿಂಡಿಗೇ ಹಾಕಿ. ಅದಾಗದಿದ್ದರೆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗಿನಲ್ಲಿ ಹಳೆಯ ನಂಬರನ್ನೇ ಕೊಡಿ. ಆ ಕಿಂಡಿಗೆ ಉಗುರು ಬಣ್ಣದ ಒಂದು ಚುಕ್ಕಿ ಇಡಿ. ತಮಾಷೆಯಲ್ಲ, ನನ್ನ ಎಲ್ಲ ಲ್ಯಾಬ್‌ಗಳಲ್ಲೂ ಆ ಕೆಂಪು ಚುಕ್ಕಿ ಇದೆ.

ಪೋರ್ಟ್ ಸರಿ ಇದ್ದೂ ಲಾಗ್ ಖಾಲಿ ಇದ್ದರೆ ಪ್ರೋಗ್ರಾಂ ಓಡುತ್ತಿದೆಯೇ ನೋಡಿ. ವಿಂಡೋಸ್ ರಾತ್ರಿ ತಾನೇ ಅಪ್‌ಡೇಟ್ ಆಗಿ ಮರುಶುರು ಆಗಿರುತ್ತದೆ. ಯಾರೋ ಲಾಗಿನ್ ಆಗುವವರೆಗೆ ಸ್ಟಾರ್ಟ್‌ಅಪ್ ಫೋಲ್ಡರಿನ ಪ್ರೋಗ್ರಾಂ ಏಳುವುದಿಲ್ಲ. ಅದನ್ನು ವಿಂಡೋಸ್ ಸರ್ವಿಸ್ ಆಗಿ ಹಾಕಿಸಿದರೆ ಈ ಕಾಟ ಇರದು. ವಿದ್ಯುತ್ ಉಳಿಸಲು ಯುಎಸ್‌ಬಿ ಆಫ್ ಮಾಡುವ ಆಯ್ಕೆಯ ಟಿಕ್ ತೆಗೆಯಿರಿ. ಕಂಪ್ಯೂಟರ್ ನಿದ್ದೆಗೆ ಹೋಗುವುದನ್ನೂ ನಿಲ್ಲಿಸಿ. ನೆಟ್‌ವರ್ಕ್ ಕೇಬಲ್ಲಿನ ಮಷೀನ್ ಆದರೆ ಐಪಿ ವಿಳಾಸ ನೋಡಿ. ರೌಟರ್ ಆಫ್ ಆಗಿ ಆನ್ ಆದಾಗ ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟಿರಬಹುದು. ಲ್ಯಾಬಿನ ಸರ್ವರಿಗೂ ಮಷೀನಿಗೂ ಬದಲಾಗದ ವಿಳಾಸವೇ ಇರಬೇಕು.

ಇನ್ನೊಂದು ಬಗೆ ಇದೆ. ಲಾಗಿನಲ್ಲಿ ಏನೋ ಇದೆ, ಆದರೆ ಒಂದೇ ಗುರುತು ಮತ್ತೆ ಮತ್ತೆ. ಬಹಳ ಮಷೀನ್‌ಗಳು ಎಎಸ್‌ಟಿಎಂ ಎಂಬ ರೀತಿಯಲ್ಲಿ ಮಾತಾಡುತ್ತವೆ. ಮೊದಲು ಇಎನ್‌ಕ್ಯೂ ಎಂಬ ಸಂಕೇತ (ಲಾಗಿನಲ್ಲಿ 05) ಕಳಿಸಿ "ಯಾರಾದ್ರೂ ಇದ್ದೀರೇನ್ರಿ?" ಅಂತ ಕೇಳುತ್ತವೆ. ಆ ಕಡೆಯಿಂದ ಎಸಿಕೆ, ಅಂದರೆ "ಇದ್ದೀನಿ" ಎಂಬ ಉತ್ತರ, ಬಂದರೆ ಮಾತ್ರ ರಿಸಲ್ಟ್ ಕಳಿಸುತ್ತವೆ. ಲಾಗಿನಲ್ಲಿ ಬರೀ 05, 05, 05 ಅಂತ ಕಂಡರೆ ಮಷೀನ್ ಬಾಗಿಲು ಬಡಿಯುತ್ತಿದೆ, ಒಳಗಿನಿಂದ ಉತ್ತರ ಅದಕ್ಕೆ ಮುಟ್ಟುತ್ತಿಲ್ಲ ಎಂದರ್ಥ. ಎಸಿಕೆಯ ಸಂಕೇತ 06. ಇಂಟರ್‌ಫೇಸ್ 06 ಕಳಿಸಿದ್ದೂ ಲಾಗಿನಲ್ಲಿದ್ದು ಮಷೀನ್ ಮುಂದೆ ಹೋಗದಿದ್ದರೆ, ಕೇಬಲ್ಲಿನಲ್ಲಿ ಆ ಕಡೆ ಹೋಗುವ ತಂತಿ ಕಡಿದಿರಬಹುದು. 15 ಜಾಸ್ತಿ ಕಂಡರೆ ಅದು ಎನ್‌ಎಕೆ, "ಸರಿಯಾಗಿ ಕೇಳಿಸ್ಲಿಲ್ಲ" ಎಂಬ ಉತ್ತರ. ಆಗ ಎರಡೂ ಕಡೆಯ ಬಾಡ್ ರೇಟ್ (ಮಾತಾಡುವ ವೇಗ) ಮತ್ತು ಪ್ಯಾರಿಟಿ (ತಪ್ಪು ಹಿಡಿಯುವ ಸೆಟ್ಟಿಂಗ್) ಒಂದೇ ಇದೆಯೇ ನೋಡಿ. ಒಂದೇ ಇದ್ದರೆ ಅರ್ಥಿಂಗ್ ನೋಡಿಸಿ. ಕೇಬಲನ್ನು ಸ್ಟೆಬಿಲೈಸರ್ ಪಕ್ಕದಿಂದ ದೂರ ಸರಿಸಿ.

ಆ ದಿನದ್ದು ಕಾಮ್ ಪೋರ್ಟೇ. ಕರೆಂಟ್ ಹೋದಾಗ ಯಾರೋ ಪೆನ್ ಡ್ರೈವ್ ಹಾಕಲು ಕನ್ವರ್ಟರ್ ಕಿತ್ತು ಬೇರೆ ಕಡೆ ಹಾಕಿದ್ದರು. ಫೋನಿನಲ್ಲೇ ಸರಿ ಮಾಡಿಸಿದೆ. ಲಾಗ್ ದಡದಡನೆ ತುಂಬತೊಡಗಿತು. "ಬಂತ್ರೀ ಸರ್!" ಅಂದಳು. ನಾನೂ ಬೀಗಿ ಚಹಾಕ್ಕೆ ಹೋದೆ.

ಬೇರೆಯವರ ರಿಸಲ್ಟ್ ಬಂದರೆ

ಚಹಾ ಮುಗಿಯುವಷ್ಟರಲ್ಲಿ ಮತ್ತೆ ಫೋನ್. ಈ ಸಲ ಲ್ಯಾಬಿನ ಡಾಕ್ಟರ್ ಮೇಡಂ. "ಎರಡು ವರ್ಷದ ಕೂಸಿಗೆ ಹಿಮೋಗ್ಲೋಬಿನ್ 16.8 ಬಂದಿದೆ. ಕೂಸನ್ನು ನಾನೇ ನೋಡಿದ್ದೇನೆ, ಬಿಳಚಿಕೊಂಡಿದೆ. ಏನು ಮಾಡಿದಿರಿ?"

ಆ ಲ್ಯಾಬಿನಲ್ಲಿ ಸ್ಯಾಂಪಲ್ ನಂಬರ್ ದಿನಾ 1ರಿಂದ ಶುರುವಾಗುತ್ತಿತ್ತು. ನೆನಪಿಡಲು ಸುಲಭ ಅಂತ ಶುರುವಿನಲ್ಲಿ ಯಾರೋ ಹಾಗೆ ಇಟ್ಟಿದ್ದರು. ಹಿಂದಿನ ಸಂಜೆ ಲೈನ್ ಹೋದ ಮೇಲೆ ಮಾಡಿದ 14 ಸ್ಯಾಂಪಲ್‌ಗಳ ರಿಸಲ್ಟನ್ನು ಅವರು ಕೈಯಲ್ಲಿ ಟೈಪ್ ಮಾಡಿ ಕೊಟ್ಟಿದ್ದರು. ಮಷೀನಿಗೆ ಅದು ಹೇಗೆ ಗೊತ್ತಾಗಬೇಕು? ಕಳಿಸಬೇಕಾದ್ದು ಬಾಕಿ ಇದೆ ಅಂತ ಹಿಡಿದಿಟ್ಟುಕೊಂಡಿತ್ತು. ನಾನು ಲೈನ್ ಸರಿ ಮಾಡಿದ ಕ್ಷಣವೇ ಎಲ್ಲವನ್ನೂ ಒಟ್ಟಿಗೆ ಕಳಿಸಿತು. ನಿನ್ನೆಯ 45, ಇವತ್ತಿನ 45ರ ಹೆಸರಿಗೆ ಹೋಗಿ ಕೂತಿತು. ತಪ್ಪು ನನ್ನದೇ. ಲೈನ್ ಜೋಡಿಸುವ ಮೊದಲು ಮಷೀನಿನಲ್ಲಿ ಬಾಕಿ ಏನಿದೆ ಅಂತ ನೋಡಬೇಕಿತ್ತು.

ರಿಸಲ್ಟ್ ಬಾರದಿದ್ದರೆ ಎಲ್ಲರಿಗೂ ಕಾಣುತ್ತದೆ, ಜಗಳ ಆಗುತ್ತದೆ, ಸರಿಹೋಗುತ್ತದೆ. ಬೇರೆಯವರದ್ದು ಬಂದರೆ ಯಾರಿಗೂ ಕಾಣುವುದಿಲ್ಲ. ಹಾಗಾಗಿ ಲೈನ್ ಕಡಿದುಹೋಗಿ ಮತ್ತೆ ಬರುವಾಗ ನಾನು ಈಗ ಹೀಗೆ ಮಾಡುತ್ತೇನೆ. ಮೊದಲು ಇಂಟರ್‌ಫೇಸಿನಲ್ಲಿ ರಿಸಲ್ಟ್ ಸೇರಿಸುವ ಆಯ್ಕೆ ನಿಲ್ಲಿಸಿ, ಬರೀ ಲಾಗ್ ಬರೆಯಲು ಬಿಡುತ್ತೇನೆ. ಬಾಕಿ ಬಂದದ್ದೆಲ್ಲ ಅಲ್ಲಿ ಇಳಿದ ಮೇಲೆ ಟೆಸ್ಟ್ ಆದ ದಿನಾಂಕ ನೋಡಿ, ಇವತ್ತಿನದ್ದನ್ನು ಮಾತ್ರ ಒಳಗೆ ಬಿಡುತ್ತೇನೆ. ಆ ಆಯ್ಕೆ ಇಲ್ಲದ ಸಾಫ್ಟ್‌ವೇರ್ ಆದರೆ ಮಷೀನಿನಲ್ಲೇ ಹಳೆಯ ಬಾಕಿಯನ್ನು ಕಳಿಸಿದಂತೆ ಗುರುತು ಮಾಡುತ್ತೇನೆ.

ಶಾಶ್ವತ ಮದ್ದು ಒಂದೇ: ನಂಬರ್ ಯಾವತ್ತೂ ಮರಳಬಾರದು. ವರ್ಷದ ಎರಡು ಅಂಕಿ, ತಿಂಗಳದ್ದು ಎರಡು, ದಿನದ್ದು ಎರಡು, ಆಮೇಲೆ ನಾಲ್ಕು ಅಂಕಿ. ಒಟ್ಟು ಹತ್ತು ಅಂಕಿ ಇದ್ದರೆ ದಿನಕ್ಕೆ 9999 ಸ್ಯಾಂಪಲ್‌ವರೆಗೆ ಸಾಕು. ಇದಕ್ಕೂ ಮುಂಚೆ ಮಷೀನ್ ಎಷ್ಟು ಅಂಕಿ ಒಪ್ಪುತ್ತದೆ ಅಂತ ಅದರ ಪುಸ್ತಕದಲ್ಲಿ ನೋಡಿ. ಕೆಲವು ಹಳೆಯ ಮಷೀನ್‌ಗಳು ಉದ್ದ ನಂಬರನ್ನು ಬಾಲದಲ್ಲಿ ಕತ್ತರಿಸಿಬಿಡುತ್ತವೆ. ಹಾಗೆ ಕತ್ತರಿಸಿದರೆ ಬೇರೆ ಬೇರೆ ನಂಬರ್‌ಗಳು ಮತ್ತೆ ಒಂದೇ ಆಗಿಹೋಗುತ್ತವೆ.

ಗಡಿಯಾರವನ್ನೂ ನೋಡಿ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್ 2032, 3 ವೋಲ್ಟಿನದ್ದು. ಅದು ಸತ್ತರೆ ಕರೆಂಟ್ ಹೋದಾಗಲೆಲ್ಲ ದಿನಾಂಕ ಹಿಂದಕ್ಕೆ ಓಡುತ್ತದೆ. ಆಗ ರಿಸಲ್ಟ್ ಸೇವ್ ಆಗಿರುತ್ತದೆ, ಆದರೆ ಎಷ್ಟೋ ವರ್ಷ ಹಿಂದಿನ ದಿನಾಂಕಕ್ಕೆ. ಇವತ್ತಿನ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಸೆಲ್ ಬೆಲೆ ಒಂದು ಪ್ಲೇಟ್ ಇಡ್ಲಿಯಷ್ಟು.

ಲಾಗಿನಲ್ಲಿದೆ, ರಿಪೋರ್ಟಿಗೆ ಬರುತ್ತಿಲ್ಲ

ಲಾಗಿನಲ್ಲಿರುವ ನಂಬರನ್ನೂ ಸಾಫ್ಟ್‌ವೇರಿನಲ್ಲಿರುವ ನಂಬರನ್ನೂ ನೋಟ್‌ಪ್ಯಾಡಿನಲ್ಲಿ ಒಂದರ ಕೆಳಗೆ ಒಂದು ಅಂಟಿಸಿ. ಕಣ್ಣಿಗೆ ಒಂದೇ ಕಂಡರೂ ಒಂದಕ್ಕೆ ಬಾಲದಲ್ಲಿ ಖಾಲಿ ಜಾಗ ಇರುತ್ತದೆ. ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಇರುತ್ತದೆ. ಮುಂದಿನ ಸೊನ್ನೆಗಳು ಉದುರಿರುತ್ತವೆ. ಈ ಸೊನ್ನೆ ಉದುರುವುದರಲ್ಲಿ ಎಕ್ಸೆಲ್ಲಿನ ಕೈ ದೊಡ್ಡದು. ಹಳ್ಳಿಯ ಕ್ಯಾಂಪ್ ಮಾಡಿ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ತಂದು ಸಿಸ್ಟಮ್ಮಿಗೆ ಸೇರಿಸುತ್ತಾರೆ. 0000451 ಎಂಬುದು 451 ಆಗಿಬಿಡುತ್ತದೆ. 15 ಅಂಕಿಗಿಂತ ಉದ್ದ ಇದ್ದರೆ ಬಾಲದ ಅಂಕಿಗಳು ಸದ್ದಿಲ್ಲದೆ ಸೊನ್ನೆ ಆಗುತ್ತವೆ. ಟೈಪ್ ಮಾಡುವ ಮೊದಲೇ ಆ ಕಾಲಮ್ಮನ್ನು ಟೆಕ್ಸ್ಟ್ ಮಾಡಿಟ್ಟುಕೊಳ್ಳಿ. ಆಮೇಲೆ ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ.

ಎಲ್ಲ ಟೆಸ್ಟ್ ಬಂದು ಒಂದೇ ಒಂದು ಬಾರದಿದ್ದರೆ ನಂಬರ್ ಸರಿ ಇದೆ, ಟೆಸ್ಟಿನ ಕೋಡ್ ಹೊಂದಿಲ್ಲ. ಮಷೀನ್ ಕಳಿಸುವ ಕೋಡನ್ನು ಲಾಗಿನಲ್ಲಿ ನೋಡಿ, ಸಾಫ್ಟ್‌ವೇರಿನ ಮ್ಯಾಪಿಂಗ್ ಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಹೊಂದಿಸಿ. ಹೊಸ ಟೆಸ್ಟ್ ಶುರು ಮಾಡಿದ ವಾರದಲ್ಲಿ ಇದು ಆಗೇ ಆಗುತ್ತದೆ.

ಲೇಬಲ್

ಮಷೀನ್ ಬಾರ್‌ಕೋಡ್ ಓದದಿದ್ದರೆ ಹುಡುಗರು ಏನು ಮಾಡುತ್ತಾರೆ? ನಂಬರನ್ನು ಕೈಯಲ್ಲಿ ಒತ್ತುತ್ತಾರೆ. ನೂರರಲ್ಲಿ ಒಂದು ಸಲ ಪಕ್ಕದ ಅಂಕಿ ಒತ್ತಿದರೂ ಮೇಲಿನ ಕೂಸಿನ ಕಥೆಯೇ. ಆದ್ದರಿಂದ "ಓದಲ್ಲ" ಎನ್ನುವುದನ್ನು ಸಣ್ಣ ತೊಂದರೆ ಅಂತ ಬಿಡಬೇಡಿ.

ಸ್ವಲ್ಪ ಲೆಕ್ಕ ಮಾಡೋಣ. 203 ಡಿಪಿಐ ಪ್ರಿಂಟರ್ ಮಿಲಿಮೀಟರಿಗೆ 8 ಚುಕ್ಕಿ ಹಾಕುತ್ತದೆ. ಅತಿ ತೆಳ್ಳನೆಯ ಗೆರೆಗೆ ಎರಡು ಚುಕ್ಕಿ ಕೊಟ್ಟರೆ ಕಾಲು ಮಿಲಿಮೀಟರ್. ಕೋಡ್ 128 ಎಂಬ ಬಗೆಯ ಬಾರ್‌ಕೋಡಿನಲ್ಲಿ ಬರೀ ಅಂಕಿ ಇದ್ದರೆ ಎರಡೆರಡು ಅಂಕಿ ಒಂದೊಂದು ಗುರುತಿನಲ್ಲಿ ಕೂರುತ್ತವೆ. ಹಾಗೆ ಹತ್ತು ಅಂಕಿಯ ಬಾರ್‌ಕೋಡ್ 22.5 ಮಿಮೀ. ಎರಡು ತುದಿಗೂ ಗೆರೆಯ ಹತ್ತು ಪಟ್ಟು ಖಾಲಿ ಜಾಗ ಬೇಕು, ಅಂದರೆ ತಲಾ 2.5 ಮಿಮೀ. ಒಟ್ಟು 27.5 ಮಿಮೀ. 50 ಮಿಮೀ ಉದ್ದದ ಲೇಬಲ್ಲಿನಲ್ಲಿ ಆರಾಮಾಗಿ ಹಿಡಿಯುತ್ತದೆ. ಈಗ ಯಾರೋ ಚಂದಕ್ಕೆ ಮುಂದೆ ಮೂರು ಇಂಗ್ಲಿಷ್ ಅಕ್ಷರ ಸೇರಿಸಿದರು ಅನ್ನಿ. ಅಕ್ಷರಕ್ಕೊಂದು ಗುರುತು, ಅಕ್ಷರದಿಂದ ಅಂಕಿಗೆ ಹೊರಳಲು ಇನ್ನೊಂದು. ಅಲ್ಲಿಗೆ 11 ಮಿಮೀ ಜಾಸ್ತಿ, ಒಟ್ಟು 38.5. ಚಿಕ್ಕ ಲೇಬಲ್ ಆದರೆ ಹಿಡಿಯುವುದಿಲ್ಲ. ಸಾಫ್ಟ್‌ವೇರ್ ಗೆರೆಗಳನ್ನು ಒಂದು ಚುಕ್ಕಿಗೆ ಕುಗ್ಗಿಸುತ್ತದೆ, ಮಷೀನ್ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತದೆ. ನಿಮ್ಮ ಊರಿನ ಹೆಸರು ಬಾರ್‌ಕೋಡಿನಲ್ಲಿ ಬೇಡ. ಪಕ್ಕದಲ್ಲಿ ಬರೆದರೆ ಸಾಕಲ್ವಾ?

ಅಂಟಿಸುವುದು ಟ್ಯೂಬಿನ ಉದ್ದಕ್ಕೆ, ನೇರವಾಗಿ. 13 ಮಿಮೀ ದಪ್ಪದ ಟ್ಯೂಬಿನ ಸುತ್ತಳತೆ ಬರೀ 41 ಮಿಮೀ. ಬಳೆಯಂತೆ ಸುತ್ತಿದರೆ ಅರ್ಧ ಬಾರ್‌ಕೋಡ್ ಹಿಂದಕ್ಕೆ ಹೋಗುತ್ತದೆ. ವಾರೆಯಾಗಿ ಅಂಟಿಸಿದರೂ ಓದುವುದಿಲ್ಲ.

ನಮ್ಮ ಬಿಸಿಲಿಗೆ ಬೇರೆಯೇ ಕಾಟ. ರಿಬ್ಬನ್ ಇಲ್ಲದ ಪ್ರಿಂಟರಿನ ಥರ್ಮಲ್ ಲೇಬಲ್ ಬಿಸಿ ತಾಗಿದರೆ ಕಪ್ಪಾಗುತ್ತದೆ, ಅದು ಕೆಲಸ ಮಾಡುವುದೇ ಹಾಗೆ. ಏಪ್ರಿಲ್, ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಲೇಬಲ್ ರೋಲನ್ನು ಬೈಕಿನ ಡಿಕ್ಕಿಯಲ್ಲಿ ಇಟ್ಟು ಜೇವರ್ಗಿ, ಆಳಂದದ ಕಲೆಕ್ಷನ್ ಸೆಂಟರಿಗೆ ಹೋದರೆ ಕಾಗದ ಮಸುಕಾಗುತ್ತದೆ. ಸ್ಪಿರಿಟ್ ಹತ್ತಿ ತಾಗಿದರೂ ಗೆರೆ ಕೆಡುತ್ತದೆ. ದೂರದಿಂದ ಸ್ಯಾಂಪಲ್ ಬರುವ ಲ್ಯಾಬ್‌ಗಳು ರಿಬ್ಬನ್ ಪ್ರಿಂಟರ್ ಕೊಳ್ಳುವುದು ಒಳ್ಳೆಯದು. ಪ್ರಿಂಟಿನಲ್ಲಿ ಉದ್ದಕ್ಕೂ ಒಂದು ಬಿಳಿ ಗೆರೆ ಬರುತ್ತಿದ್ದರೆ ಮೊದಲು ಹೆಡ್ ಒರೆಸಿ. ಹೋಗದಿದ್ದರೆ ಹೆಡ್ ಸುಟ್ಟಿದೆ.

ಅಂಕಿ ಸರಿ, ಅರ್ಥ ತಪ್ಪು

ಬಿಳಿ ರಕ್ತಕಣ 7.2 ಅಂತ ಮಷೀನ್ ಕಳಿಸುತ್ತದೆ, ಸಾವಿರದ ಲೆಕ್ಕದಲ್ಲಿ. ನಮ್ಮ ಡಾಕ್ಟರ್‌ಗಳಿಗೆ 7200 ಅಂತ ಓದಿ ರೂಢಿ. ಪ್ಲೇಟ್‌ಲೆಟ್ 250 ಅಂತ ಬರುತ್ತದೆ, ಬೇಕಾದದ್ದು 2.5 ಲಕ್ಷ. ಒಂದನ್ನು ಸಾವಿರದಿಂದ ಗುಣಿಸಬೇಕು, ಇನ್ನೊಂದನ್ನು ನೂರರಿಂದ ಭಾಗಿಸಬೇಕು. ಇದನ್ನು ಮಷೀನಿನಲ್ಲೂ ಬದಲಾಯಿಸಬಹುದು, ಸಾಫ್ಟ್‌ವೇರಿನಲ್ಲೂ ಬದಲಾಯಿಸಬಹುದು. ಎರಡೂ ಕಡೆ ಬದಲಾಯಿಸಿದರೆ ಮುಗಿಯಿತು ಕಥೆ. ಸರ್ವಿಸ್ ಎಂಜಿನಿಯರ್ ಬಂದು ಹೋದ ದಿನ ಮೊದಲ ರಿಪೋರ್ಟಿನ ಯೂನಿಟ್ ನೋಡಿಯೇ ಮುಂದಿನದು ಕೊಡಿ. ಯೂರಿಯಾ ಮತ್ತು ಬಿಯುಎನ್ (ಯೂರಿಯಾದೊಳಗಿನ ನೈಟ್ರೋಜನ್ ಮಾತ್ರ) ಒಂದೇ ಅಂತ ಮ್ಯಾಪ್ ಮಾಡಿದ್ದನ್ನೂ ಕಂಡಿದ್ದೇನೆ. ಯೂರಿಯಾ ಬೇಕಾದರೆ ಬಿಯುಎನ್ನನ್ನು 2.14ರಿಂದ ಗುಣಿಸಬೇಕು.

ವಯಸ್ಸಿನದ್ದು ಇನ್ನೊಂದು. ಮೂರು ದಿನದ ಕೂಸಿಗೆ "3" ಅಂತ ಹಾಕಿ, ಪಕ್ಕದಲ್ಲಿ ವರ್ಷ ಎಂಬುದನ್ನು ದಿನ ಅಂತ ಬದಲಿಸುವುದನ್ನು ಮರೆಯುತ್ತಾರೆ. ಆಗತಾನೇ ಹುಟ್ಟಿದ ಕೂಸಿಗೆ ಹಿಮೋಗ್ಲೋಬಿನ್ 17 ಇರುವುದು ಸಹಜ. ಸಾಫ್ಟ್‌ವೇರ್ ಮೂರು ವರ್ಷದ ಮಗು ಅಂದುಕೊಂಡು ಕೆಂಪು ಗುರುತು ಹಾಕುತ್ತದೆ, ಮನೆಯವರು ಗಾಬರಿ. ನಾರ್ಮಲ್ ಶ್ರೇಣಿ ತಪ್ಪಾಗಿ ಬಂತೆಂದರೆ ಶ್ರೇಣಿಯನ್ನು ತಿದ್ದಲು ಹೋಗಬೇಡಿ. ಮೊದಲು ವಯಸ್ಸು ಮತ್ತು ಗಂಡು ಹೆಣ್ಣು ಸರಿಯಾಗಿದೆಯೇ ನೋಡಿ.

ಒಬ್ಬರೇ ಪೇಷಂಟ್, ಮೂರು ದಾಖಲೆ

"ಹೋದ ತಿಂಗಳ ಶುಗರ್ ರಿಪೋರ್ಟ್ ಕಾಣ್ತಿಲ್ರಿ" ಎಂದರೆ ಬಹಳ ಸಲ ಅದು ಅಳಿಸಿಲ್ಲ, ಬೇರೆ ಹೆಸರಿನಲ್ಲಿದೆ. ಶರಣಬಸಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು, ನೀವೇ ಬರೆದು ನೋಡಿ. ಮೊಬೈಲ್ ನಂಬರಿನಿಂದ ಹುಡುಕಿದರೆ ಇಡೀ ಮನೆಯವರು ಬರುತ್ತಾರೆ, ಏಕೆಂದರೆ ಎಲ್ಲರೂ ಮಗನ ನಂಬರ್ ಕೊಟ್ಟಿರುತ್ತಾರೆ. ಊರಿನಿಂದ ಹುಡುಕುವುದೂ ಕಷ್ಟ. ಗುಲ್ಬರ್ಗ ಎಂಬ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಆಯಿತು. ಹಳೆಯ ದಾಖಲೆಗಳಲ್ಲಿ ಹಳೆಯ ಹೆಸರೇ ಇದೆ. ಯಾದಗಿರಿ ಬೇರೆ ಜಿಲ್ಲೆ ಆದ ಮೇಲೂ ಶಹಾಪುರ, ಸುರಪುರದವರನ್ನು ಗುಲ್ಬರ್ಗ ಜಿಲ್ಲೆಯ ಕೆಳಗೇ ಇಟ್ಟಿರುವ ಪಟ್ಟಿಗಳನ್ನು ಕಂಡಿದ್ದೇನೆ. ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ ಈಗ ತಾಲೂಕುಗಳು, ಬಹಳ ಸಾಫ್ಟ್‌ವೇರ್‌ಗಳ ಪಟ್ಟಿಯಲ್ಲಿ ಅವು ಇಲ್ಲವೇ ಇಲ್ಲ. ಕೌಂಟರಿನವರು ಕೈಗೆ ಸಿಕ್ಕ ಊರು ಆರಿಸುತ್ತಾರೆ. ಊರನ್ನು ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವಂತೆ ಮಾಡಿ, ಪಟ್ಟಿಯನ್ನು ನೀವೇ ಸರಿಪಡಿಸಿ. ಪೇಷಂಟಿಗೆ ಒಂದು ಸಲ ಕೊಟ್ಟ ನೋಂದಣಿ ಸಂಖ್ಯೆಯನ್ನು ರಿಪೋರ್ಟಿನ ಮೇಲೆ ದಪ್ಪಗೆ ಮುದ್ರಿಸಿ. ಸರ್ಕಾರದ ಆರೋಗ್ಯ ಖಾತೆಯ 14 ಅಂಕಿಯ ಆಭಾ ನಂಬರ್ ಇದ್ದವರದ್ದು ಅದನ್ನೂ ಬರೆದುಕೊಳ್ಳಿ. ದಾಖಲೆಗಳನ್ನು ಒಂದುಗೂಡಿಸುವಾಗ ಹೆಸರು ಒಂದೇ ಎಂಬುದಷ್ಟೇ ಸಾಲದು. ವಯಸ್ಸು, ಮೊಬೈಲ್, ಹಳೆಯ ರಿಪೋರ್ಟಿನ ಕಾಗದ, ಇವುಗಳಲ್ಲಿ ಎರಡಾದರೂ ಹೊಂದಬೇಕು.

ಹೆಸರನ್ನು ಕನ್ನಡದಲ್ಲೇ ಹಾಕುವ ಲ್ಯಾಬ್‌ಗಳಿಗೆ ಮೂರು ಲಕ್ಷಣ ಹೇಳುತ್ತೇನೆ. ಚೌಕಗಳು ಕಂಡರೆ ಆ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ, ದಾಖಲೆ ಕ್ಷೇಮ. ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಕಲಸುಮೇಲೋಗರ ಕಂಡರೆ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಈಗಿನ ಸಂಕೇತ ಪದ್ಧತಿ) ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದೆ, ಅದನ್ನು ಪರಿವರ್ತಿಸಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಕೆಟ್ಟ ಸುದ್ದಿ. ಡೇಟಾಬೇಸಿನ ಆ ಕಾಲಮ್ ಯೂನಿಕೋಡ್ ಹಿಡಿಯದೆ ಹೆಸರನ್ನು ಬರೆಯುವಾಗಲೇ ಕಳೆದಿದೆ. ಆ ಹೆಸರು ವಾಪಸ್ ಬರದು, ಕಾಗದ ನೋಡಿ ಮತ್ತೆ ಟೈಪ್ ಮಾಡಬೇಕು. ತೆರೆಯ ಮೇಲೆ ಸರಿ ಕಂಡು ಪಿಡಿಎಫ್‌ನಲ್ಲಿ ಮಾತ್ರ ಒತ್ತಕ್ಷರ ಬಿಡಿಬಿಡಿಯಾದರೆ ರಿಪೋರ್ಟ್ ಮಾಡುವ ಭಾಗಕ್ಕೆ ಕನ್ನಡ ಜೋಡಿಸಲು ಬರುತ್ತಿಲ್ಲ. ಅದು ಸಾಫ್ಟ್‌ವೇರ್ ಬರೆದವರ ಕೆಲಸ.

ಒಪ್ಪಿಗೆಯ ಬಟನ್ ಕಾಣುತ್ತಿಲ್ಲ

ಇದು ದೋಷವಲ್ಲ. ರಿಸಲ್ಟ್ ಹಾಕಿದವರೇ ಅದನ್ನು ಒಪ್ಪಬಾರದು ಎಂಬ ನಿಯಮ ಹಲವು ಸಾಫ್ಟ್‌ವೇರ್‌ಗಳಲ್ಲಿ ಇದೆ, ಇರಲೂ ಬೇಕು. ಎಲ್ಲರೂ ಒಂದೇ ಪಾಸ್‌ವರ್ಡಿನಲ್ಲಿ ಕೆಲಸ ಮಾಡಿದರೆ ಹಾಕಿದವರೂ ಒಪ್ಪುವವರೂ ಒಬ್ಬರೇ ಆಗಿ ಬಟನ್ ಮಾಯವಾಗುತ್ತದೆ. ಮದ್ದು: ತಲೆಗೊಂದು ಲಾಗಿನ್.

ಎಲ್ಲ ಒಮ್ಮೆಲೇ ನಿಂತರೆ

ಹಳೆಯ ರಿಪೋರ್ಟ್ ತೆರೆಯುತ್ತದೆ, ಹೊಸದು ಸೇವ್ ಆಗುವುದಿಲ್ಲ, ಯಾವ ಕಂಪ್ಯೂಟರಿನಲ್ಲೂ ಆಗುವುದಿಲ್ಲ. ಆಗ ಡೇಟಾಬೇಸ್ ತುಂಬಿದೆಯೇ ನೋಡಿ. ಬಹಳ ಲ್ಯಾಬ್‌ಗಳಲ್ಲಿ ಇರುವುದು ಹಣ ಕೊಡಬೇಕಿಲ್ಲದ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಡೇಟಾಬೇಸ್ ಪ್ರೋಗ್ರಾಂ. 2008 ಆರ್2 ಆವೃತ್ತಿಯಿಂದ 2022ರದ್ದರವರೆಗೆ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ಡಿಸ್ಕಿನಲ್ಲಿ 500 ಜಿಬಿ ಖಾಲಿ ಇದ್ದರೂ ಅದು ಕೇಳುವುದಿಲ್ಲ. ರಿಪೋರ್ಟಿನ ಪಿಡಿಎಫ್‌ಗಳನ್ನು ಡೇಟಾಬೇಸಿನ ಒಳಗೇ ಇಡುವ ಸಾಫ್ಟ್‌ವೇರ್ ಆದರೆ ಬೇಗ ತುಂಬುತ್ತದೆ. ಪಿಡಿಎಫ್‌ಗಳನ್ನು ಹೊರಗಿನ ಫೋಲ್ಡರಿಗೆ ಸಾಗಿಸಲು ಹೇಳಿ. ಹಳೆಯ ದಾಖಲೆ ಅಳಿಸಿ ಜಾಗ ಮಾಡುವ ಯೋಚನೆ ಬೇಡ.

ಬ್ಯಾಕಪ್ ಇದೆ ಎನ್ನುವವರಿಗೆ ನಾನು ಕೇಳುವುದು ಒಂದೇ: ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದು ಯಾವಾಗ?

ಸರಿ ಮಾಡಿದ ಮೇಲೆ

ಮತ್ತೆ ಆ ದಿನಕ್ಕೆ ಬರುತ್ತೇನೆ. ಮೇಡಂ ಫೋನ್ ಇಟ್ಟ ಕೂಡಲೇ ಪ್ರಿಂಟ್ ಕೊಡುವುದನ್ನು ನಿಲ್ಲಿಸಿ ಅಂದೆ, ಬೈಕ್ ಹತ್ತಿ ಹೋದೆ. ಲಾಗಿನಿಂದ ಲೈನ್ ಬಂದ ಗಳಿಗೆ ತೆಗೆದೆ, 10 ಗಂಟೆ 52 ನಿಮಿಷ. ಅಲ್ಲಿಂದ ಮುಂದೆ ಸೇರಿದ ಪ್ರತಿ ರಿಸಲ್ಟನ್ನೂ ಮಷೀನಿನ ನೆನಪಿನಲ್ಲಿದ್ದ ದಿನಾಂಕದ ಜೊತೆ ಹೋಲಿಸಿದೆವು. ನಿನ್ನೆಯ 14ರಲ್ಲಿ 9 ಇವತ್ತಿನವರ ಹೆಸರಿಗೆ ಹೋಗಿದ್ದವು. ಉಳಿದ ಐದು ನಂಬರ್ ಇವತ್ತು ಇನ್ನೂ ಹುಟ್ಟಿರಲಿಲ್ಲ. ಒಂಬತ್ತರಲ್ಲಿ ಮೂರು ರಿಪೋರ್ಟ್ ಆಗಲೇ ಕೈ ದಾಟಿದ್ದವು.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಡೇಟಾಬೇಸಿಗೆ ನೇರ ಹೋಗಿ ಅಂಕಿ ಬದಲಿಸಿಬಿಟ್ಟರೆ ಯಾರಿಗೂ ಗೊತ್ತಾಗದಲ್ಲ? ಮಾಡಬೇಡಿ. ಯಾರು, ಯಾವಾಗ, ಏನನ್ನು ಏನಾಗಿ ತಿದ್ದಿದರು ಎಂಬುದು ಸಾಫ್ಟ್‌ವೇರಿನ ದಾಖಲೆಯಲ್ಲಿ ಉಳಿಯಬೇಕು. ಲ್ಯಾಬ್‌ಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆಗೆ ಆಧಾರವಾದ ಐಎಸ್‌ಒ 15189 ಮಾನದಂಡ ಕೇಳುವುದೂ ಇದನ್ನೇ: ತಿದ್ದಿದ ರಿಪೋರ್ಟಿನ ಮೇಲೆ ತಿದ್ದಿದ್ದು ಅಂತ ಇರಬೇಕು, ಮೊದಲಿನದ್ದೂ ಉಳಿದಿರಬೇಕು. ಒಂಬತ್ತನ್ನೂ ಸಾಫ್ಟ್‌ವೇರಿನ ಒಳಗಿಂದಲೇ ತಿದ್ದಿ, ಕಾರಣ ಬರೆದೆವು. ಕಾರಣದಲ್ಲಿ ನನ್ನ ಹೆಸರೂ ಬಂತು.

ಮೂವರಲ್ಲಿ ಇಬ್ಬರು ಇನ್ನೂ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಮೂರನೆಯವರು ಆಳಂದದ ಬಸ್ ಹತ್ತಿಬಿಟ್ಟಿದ್ದರು. ಮೇಡಂ ತಾವೇ ಫೋನ್ ಮಾಡಿದರು. "ಕಾಕಾ, ಆ ಕಾಗದ ಯಾರಿಗೂ ತೋರಿಸಬೇಡಿ, ತಪ್ಪಾಗಿದೆ. ಹೊಸದು ಸಂಜೆಯೊಳಗೆ ನಿಮ್ಮ ಕೈಗೆ ಬರುತ್ತದೆ." ಆ ಹೊಸ ಕಾಗದ ತಗೊಂಡು ಆಳಂದಕ್ಕೆ ಹೋದವನು ನಾನೇ. ಮರುದಿನದಿಂದ ಆ ಲ್ಯಾಬಿನ ನಂಬರ್ ಹತ್ತು ಅಂಕಿಯದ್ದಾಯಿತು.